ಗಾಲಿ ಎಷ್ಟು ಅಗಲ ಇರಬೇಕು?



ಮರಿಯಮ್ಮನಹಳ್ಳಿಯ ಮಗ್ಗುಲಲ್ಲೇ ಹಾಯುವ ರಾಷ್ಟ್ರೀಯ ಹೆದ್ದಾರಿ 50ರ ಬದಿ ಸ್ವಲ್ಪ ಹೊತ್ತು ನಿಂತು ನೋಡಿ. ಅದಿರಿನ ಲಾರಿ, ಕಬ್ಬಿನ ಟ್ರ್ಯಾಕ್ಟರ್, ಅಪರೂಪಕ್ಕೊಂದು ಟೈರಿನ ಬಂಡಿ ಹೋಗುತ್ತವೆ. ಅವುಗಳ ನಡುವೆ ನೆಲಕ್ಕೆ ತಗ್ಗಿಸಿದ, ಟೈರು ಮೈಯಿಂದ ಹೊರಗೆ ಚಾಚಿಕೊಂಡ ಒಂದು ಕಾರೂ ಬರುತ್ತದೆ. ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ಹುಡುಗರು ತಮ್ಮ ಕಾರನ್ನು ಸ್ಪೋರ್ಟ್ಸ್ ಕಾರು ಮಾಡಹೊರಟಾಗ ಮೊದಲು ಕೈಹಾಕುವುದು ಗಾಲಿಗೆ. ಎಷ್ಟು ಅಗಲದ ಟೈರು ಹಿಡಿಸುತ್ತದೆ ಎಂದು ಅಂಗಡಿಯಲ್ಲಿ ವಿಚಾರಿಸುತ್ತಾರೆ. ಈ ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ. ಇಲ್ಲಿನ ಬಡಿಗರು, ಕಂಬಾರರು, ಒಕ್ಕಲಿಗರು, ಲಾರಿಯವರು ತಲೆತಲಾಂತರದಿಂದ ಇದಕ್ಕೆ ಒಂದೊಂದು ಉತ್ತರ ಕೊಡುತ್ತಾ ಬಂದಿದ್ದಾರೆ.

ಹಂಪಿಯಿಂದಲೇ ಶುರುಮಾಡೋಣ. ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ತೇರು ವಾಸ್ತವದಲ್ಲಿ ಗರುಡನ ಗುಡಿ. 2017ರಿಂದ ನಮ್ಮ 50 ರೂಪಾಯಿ ನೋಟಿನ ಮೇಲೂ ಅದರ ಚಿತ್ರವಿದೆ. ಅದರ ಗಾಲಿಗಳನ್ನು ಶಿಲ್ಪಿಗಳು ಅಚ್ಚಿನ ಮೇಲೆ ತಿರುಗುವಂತೆಯೇ ಕಡೆದಿದ್ದರು. ಬಂದವರೆಲ್ಲ ತಿರುಗಿಸಿ ಸವೆಯಬಾರದೆಂದು ಆಮೇಲೆ ಸಿಮೆಂಟು ಹಾಕಿ ನಿಲ್ಲಿಸಲಾಯಿತು. ನಿಜವಾಗಿ ಉರುಳುವ ಮರದ ತೇರಿನ ಗಾಲಿ ಇನ್ನೂ ದಪ್ಪ, ಇನ್ನೂ ಅಗಲ. ಟನ್ನುಗಟ್ಟಲೆ ಭಾರ ಮಣ್ಣಿನ ಬೀದಿಯಲ್ಲಿ ಹೂತುಹೋಗಬಾರದಲ್ಲ. ಆದರೆ ಆ ಗಾಲಿ ಎಡಬಲಕ್ಕೆ ಹೊರಳುವುದಿಲ್ಲ. ಸನ್ನೆ ಹಾಕುವವರು ಜೀವ ಪಣಕ್ಕಿಟ್ಟು ಅದನ್ನು ದಾರಿಗೆ ತರುತ್ತಾರೆ. ವಿರೂಪಾಕ್ಷನ ರಥಬೀದಿ ನೇರವಾಗಿ, ವಿಶಾಲವಾಗಿ ಇರುವುದು ತೇರಿಗೆ ಎಷ್ಟು ಅನುಕೂಲವೆಂದು ಎಳೆದವರಿಗೆ ಗೊತ್ತು.

2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ಗುರು ಕೊಟ್ಟೂರೇಶ್ವರನ ತೇರು ಜಾತ್ರೆಯ ಜನರ ನಡುವೆಯೇ ಉರುಳಿಬಿದ್ದದ್ದು ಬಹಳ ಜನರಿಗೆ ನೆನಪಿರಬೇಕು. ಅಂದು ಮುರಿದದ್ದು ಅಚ್ಚು. ಗಾಲಿ ಎಷ್ಟೇ ದೊಡ್ಡದಿರಲಿ, ಭಾರ ಕೊನೆಗೆ ಬಂದು ಕೂರುವುದು ಅಚ್ಚಿನ ಮೇಲೆ. ಈ ಮಾತನ್ನು ಕಾರಿನ ವಿಷಯಕ್ಕೆ ಬಂದಾಗ ಮತ್ತೆ ಎತ್ತುತ್ತೇನೆ.

ಬಂಡಿಯ ಗಾಲಿ ಇಬ್ಬರ ಕೈಯಲ್ಲಿ ಹುಟ್ಟುತ್ತಿತ್ತು. ಬಡಿಗ ಗುಂಬಕ್ಕೆ ಅರೆಕಾಲು ಕೂಡಿಸಿ ಮರದ ಸುತ್ತು ಕಟ್ಟುತ್ತಿದ್ದ. ಕಂಬಾರ ಅದಕ್ಕೆ ಕಬ್ಬಿಣದ ಹಳಿ ತೊಡಿಸುತ್ತಿದ್ದ. ಐದಡಿ ವ್ಯಾಸದ ಹಳಿಯ ಸುತ್ತಳತೆ ಸುಮಾರು 4.8 ಮೀಟರ್. ಕೆಂಪಗೆ ಕಾಯಿಸಿದಾಗ ಅದು ಸುಮಾರು ಮೂರು ಸೆಂಟಿಮೀಟರ್ ಹಿಗ್ಗುತ್ತದೆ. ಆ ಹಿಗ್ಗಿನಲ್ಲೇ ಮರದ ಮೇಲೆ ಕೂರಿಸಿ ನೀರು ಹೊಯ್ದರೆ ಹಳಿ ಕುಗ್ಗಿ ಇಡೀ ಗಾಲಿಯನ್ನು ಬಿಗಿದು ಹಿಡಿಯುತ್ತದೆ. ಮೊಳೆಯ ಹಂಗಿಲ್ಲದೆ ವರ್ಷಗಟ್ಟಲೆ ನಿಲ್ಲುವ ಆ ಬಿಗಿತವನ್ನು ಕಣ್ಣಳತೆಯಲ್ಲೇ ಸಾಧಿಸಿದ ಕಂಬಾರರ ಬಗ್ಗೆ ನನಗೆ ಅಪಾರ ಗೌರವ. ಅವರ ಲೆಕ್ಕ ಯಾವ ಪುಸ್ತಕದಲ್ಲೂ ಸೇರಲಿಲ್ಲ, ಅದು ನಮ್ಮ ನಷ್ಟ.

ಹಳಿ ಕೆಲವೇ ಬೆರಳು ಅಗಲ. ಮಸಾರಿ ನೆಲದಲ್ಲಿ ಅಷ್ಟು ಸಾಕು, ಬಂಡಿ ಹಗುರವಾಗಿ ಓಡುತ್ತಿತ್ತು. ಎರೆ ಹೊಲದಲ್ಲಿ ಮಳೆಯಾದರೆ ಅದೇ ಹಳಿ ಮಣ್ಣನ್ನು ಸೀಳಿಕೊಂಡು ಗುಂಬದವರೆಗೆ ಇಳಿಯುತ್ತಿತ್ತು. ಎತ್ತುಗಳು ಮೊಣಕಾಲೂರಿ ಎಳೆಯಬೇಕಾಗುತ್ತಿತ್ತು. ಒಂದೇ ಬಂಡಿ, ಒಂದೇ ಗಾಲಿ, ನೆಲ ಮಾತ್ರ ಬೇರೆ.

ಇದಕ್ಕೆ ಪರಿಹಾರ ದೂರದಿಂದ ಬಂತು. 1888ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿದ್ದ ಜಾನ್ ಬಾಯ್ಡ್ ಡನ್ಲಪ್ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಗಾಳಿ ತುಂಬಿದ ರಬ್ಬರ್ ಟೈರು ಮಾಡಿದರು. ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ ಅದಕ್ಕೂ ನಾಲ್ಕು ದಶಕ ಮುಂಚೆಯೇ ಅಂಥದ್ದಕ್ಕೆ ಪೇಟೆಂಟ್ ಪಡೆದಿದ್ದರು, ಆಗ ಯಾರೂ ಕಿವಿಗೊಡಲಿಲ್ಲ. ಡನ್ಲಪ್ ವೃತ್ತಿಯಿಂದ ಪಶುವೈದ್ಯರು. ಅವರ ಹೆಸರಿನ ಟೈರು ನಮ್ಮಲ್ಲಿ ಎತ್ತುಗಳ ಕುತ್ತಿಗೆಯ ನೋವನ್ನೇ ಇಳಿಸಿತು ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಹೊಸಪೇಟೆಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಡನ್ಲಪ್ ಬಂಡಿಗಳನ್ನು ಕಂಡವರು ಈಗಲೂ ನಮ್ಮ ನಡುವೆ ಇದ್ದಾರೆ. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಪ್ರೊಫೆಸರ್ ಎನ್.ಎಸ್. ರಾಮಸ್ವಾಮಿ ಎತ್ತಿನ ಬಂಡಿಯ ಸುಧಾರಣೆಗಾಗಿ ದಶಕಗಳ ಕಾಲ ದುಡಿದರು. ದೊಡ್ಡ ಸಂಸ್ಥೆಯ ಮುಖ್ಯಸ್ಥರೊಬ್ಬರು ಬಂಡಿಯ ಗಾಲಿಯನ್ನು ದೇಶದ ಪ್ರಶ್ನೆ ಎಂದು ಕಂಡದ್ದು ದೊಡ್ಡ ಮಾತು.

ಕಂಪ್ಲಿಯ ಭತ್ತದ ಗದ್ದೆಯಲ್ಲಿ ಅಗಲದ ಪಾಠ ಇನ್ನೊಂದು ಬಗೆಯದು. ಕೆಸರಿಗೆ ಇಳಿಯುವ ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್‌ವೀಲ್ ಬೇಕೇ ಬೇಕು. ಅದೇ ಕೇಜ್‌ವೀಲ್ ಡಾಂಬರು ರಸ್ತೆಗೆ ಹತ್ತಿದರೆ ರಸ್ತೆ ಕಿತ್ತುಹೋಗುತ್ತದೆ.

ಇನ್ನು ಸಂಡೂರಿನ ಅದಿರು. ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಬೇಡಿಕೆ ಏರಿದಾಗ ಈ ರಸ್ತೆಗಳಲ್ಲಿ ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವವರೆಗೂ ಕೆಂಪು ಧೂಳೇ ಇಲ್ಲಿನ ಹವೆಯಾಗಿತ್ತು. ಆ ಲಾರಿಗಳ ಟೈರಿನ ಮೇಲೆ 10.00-20 ಎಂದು ಬರೆದಿರುತ್ತಿತ್ತು. ಹತ್ತು ಇಂಚು ಅಗಲ, ಇಪ್ಪತ್ತು ಇಂಚಿನ ರಿಮ್. ಹೆಚ್ಚು ಭಾರ ಹೊರಬೇಕಾದಾಗ ಲಾರಿ ಕಟ್ಟಿದವರು ಟೈರನ್ನು ಅಗಲ ಮಾಡುತ್ತಾ ಹೋಗಲಿಲ್ಲ. ಹಿಂದೆ ಗಾಲಿಯ ಪಕ್ಕಕ್ಕೆ ಗಾಲಿ ಜೋಡಿಸಿದರು, ಅಚ್ಚಿನ ಮೇಲೆ ಅಚ್ಚು ಹೆಚ್ಚಿಸಿದರು. ಭಾರ ಹೊರುವುದು ಟೈರಿನೊಳಗಿನ ಗಾಳಿ, ಅದರ ಅಗಲವಲ್ಲ ಎಂದು ಅವರಿಗೆ ತಿಳಿದಿತ್ತು.

ಕಾರುಗಳ ಟೈರು ಮಾತ್ರ ಬರಬರುತ್ತಾ ಅಗಲವಾಯಿತು. ಅಂಬಾಸಡರ್ ಕಾರಿನದು 5.90-15, ಅಂದರೆ ಸುಮಾರು 150 ಮಿಲಿಮೀಟರ್ ಅಗಲ. 1983ರಲ್ಲಿ ಬಂದ ಮಾರುತಿ 800 ಕಾರಿನದು 145. ಈಗಿನ ಸ್ವಿಫ್ಟ್‌ನ ಮೇಲಿನ ಮಾದರಿಗಳಲ್ಲಿ 185. ಈ ಓಟಕ್ಕೆ ದಾರಿ ಮಾಡಿದ್ದು ಮಿಶೆಲಿನ್ ಕಂಪನಿ 1940ರ ದಶಕದಲ್ಲಿ ತಂದ ರೇಡಿಯಲ್ ಟೈರು. 1970ರ ದಶಕದಲ್ಲಿ ಪಿರೆಲ್ಲಿ ಕಂಪನಿ ಲ್ಯಾನ್ಸಿಯಾ ಸ್ಟ್ರಾಟೋಸ್ ಎಂಬ ರ‍್ಯಾಲಿ ಕಾರಿಗಾಗಿ ಪಿ7 ಎಂಬ ಅಗಲವಾದ, ಎತ್ತರ ಕಡಿಮೆಯಾದ ಟೈರು ಮಾಡಿತು. ಅಲ್ಲಿಂದ ಅಗಲ ಟೈರು ಎಂದರೆ ವೇಗ ಎಂಬ ಭಾವನೆ ಜಗತ್ತಿನೆಲ್ಲೆಡೆ ಹಬ್ಬಿತು.

ಅದರಲ್ಲಿ ಅರ್ಧ ಸತ್ಯವಿದೆ. ಒಣ ಡಾಂಬರಿನ ತಿರುವಿನಲ್ಲಿ ಅಗಲ ಟೈರು ಹೆಚ್ಚು ಹಿಡಿತ ಕೊಡುತ್ತದೆ. ಉಳಿದರ್ಧವನ್ನು ವಿಶ್ವ ರ‍್ಯಾಲಿ ಸ್ಪರ್ಧೆಯವರೇ ಹೇಳಿಕೊಡುತ್ತಾರೆ. ಅಲ್ಲಿ ಅದೇ ಕಾರಿಗೆ ಡಾಂಬರಿನ ಮೇಲೆ 235 ಅಗಲದ 18 ಇಂಚಿನ ಟೈರು, ಜಲ್ಲಿಮಣ್ಣಿನ ದಾರಿಯಲ್ಲಿ 205 ಅಗಲದ 15 ಇಂಚಿನ ಟೈರು. ಹಣಕ್ಕೆ ಕೊರತೆಯಿಲ್ಲದವರೇ ಕಚ್ಚಾ ದಾರಿಗೆ ಸಣ್ಣ ಗಾಲಿ ಆರಿಸಿಕೊಳ್ಳುತ್ತಾರೆ. ನಿಂತ ಮಳೆನೀರಿನ ಮೇಲೂ ಅಗಲ ಟೈರು ಬೇಗ ತೇಲಿ ಹಿಡಿತ ಬಿಡುತ್ತದೆ.

ಈಗ ಅಂಗಡಿಯ ಲೆಕ್ಕಕ್ಕೆ ಬರೋಣ. ಟೈರಿನ ಮೇಲೆ 185/65 ಆರ್ 15 88 ಎಂದಿದ್ದರೆ, 185 ಅಗಲ, ಬದಿಯ ಎತ್ತರ ಆ ಅಗಲದ ಶೇ. 65, ರಿಮ್ 15 ಇಂಚು. ಕೊನೆಯ 88 ಭಾರದ ಅಂಕಿ, ಒಂದು ಟೈರಿಗೆ 560 ಕೆ.ಜಿ. ಬಹಳ ಜನ ಇದರ ಬದಲು 195/55 ಆರ್ 16 87 ಹಾಕಿಸುತ್ತಾರೆ. ಗಾಲಿಯ ಒಟ್ಟು ಎತ್ತರ ಎರಡರಲ್ಲೂ 621 ಮಿಲಿಮೀಟರಿನ ಆಸುಪಾಸು, ಆದ್ದರಿಂದ ಸ್ಪೀಡೋಮೀಟರ್ ತಪ್ಪುವುದಿಲ್ಲ. ಆದರೆ 87 ಎಂದರೆ 545 ಕೆ.ಜಿ. ಟೈರು ಅಗಲವಾಯಿತು, ಹೊರುವ ಶಕ್ತಿ ಕಡಿಮೆಯಾಯಿತು. ಬದಿಯ ಎತ್ತರವೂ 120ರಿಂದ 107 ಮಿಲಿಮೀಟರಿಗೆ ಇಳಿಯಿತು. ರಸ್ತೆಯ ಗುಂಡಿಗೆ ಬಿದ್ದಾಗ ಪೆಟ್ಟು ಮೊದಲು ತಾಗುವುದು ಅಲಾಯ್ ರಿಮ್ಮಿಗೇ.

ಆಫ್‌ಸೆಟ್ ಇನ್ನೂ ಸೂಕ್ಷ್ಮ. ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ ಕೂರುವ ಮುಖ ಎಷ್ಟು ದೂರ ಎಂಬ ಅಳತೆ ಅದು. ಐದೂವರೆ ಇಂಚು ಅಗಲ, 45 ಆಫ್‌ಸೆಟ್ ಇರುವ ರಿಮ್ ತೆಗೆದು ಏಳು ಇಂಚಿನ 40 ಆಫ್‌ಸೆಟ್ ರಿಮ್ ಹಾಕಿದರೆ ಗಾಲಿ 24 ಮಿಲಿಮೀಟರ್ ಹೊರಗೆ, 14 ಮಿಲಿಮೀಟರ್ ಒಳಗೆ ಚಾಚುತ್ತದೆ. ಒಳಗೆ ಸಸ್ಪೆನ್ಶನ್ನಿಗೆ ತಾಗಬಹುದು, ಹೊರಗೆ ಮಡ್‌ಗಾರ್ಡಿಗೆ. ಅದರ ಮೇಲೆ ಗಾಲಿಯನ್ನು ಹೊರಕ್ಕೆ ತಳ್ಳುವ ಸ್ಪೇಸರ್ ಬೇರೆ ಸೇರಿಸಿದರೆ ಬೇರಿಂಗ್ ಮೇಲಿನ ಎಳೆತ ಇನ್ನಷ್ಟು ಹೆಚ್ಚುತ್ತದೆ. ಕೊಟ್ಟೂರಿನ ಅಚ್ಚನ್ನು ನಾನು ನೆನಪಿಸಿದ್ದು ಇದಕ್ಕೇ. ಕಾರಿನಲ್ಲೂ ಭಾರ ಹುಡುಕಿಕೊಂಡು ಹೋಗುವುದು ಕಣ್ಣಿಗೆ ಕಾಣದ ಜಾಗವನ್ನು.

ಕಾನೂನನ್ನೂ ತಿಳಿದಿರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ನಿಗದಿ ಮಾಡಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿದಿದೆ.

ಸ್ವಿಫ್ಟ್‌ನಂಥ ಕಾರಿಗೆ ನನ್ನನ್ನು ಕೇಳಿದರೆ, 15 ಇಂಚಿನ ರಿಮ್ಮನ್ನೇ ಉಳಿಸಿಕೊಂಡು ಒಳ್ಳೆಯ ರಬ್ಬರಿನ ಟೈರಿಗೆ ಹಣ ಹಾಕಿ ಎನ್ನುತ್ತೇನೆ. ಅಗಲ ಬೇಕೇಬೇಕು ಎಂದರೆ 195/60 ಆರ್ 15 88 ಸಾಕು. ಅದರ ಎತ್ತರ ಶೇ. 1ರಷ್ಟೇ ಕಡಿಮೆ, ಭಾರದ ಅಂಕಿ ಅದೇ, ಬದಿಯ ಎತ್ತರ 117 ಮಿಲಿಮೀಟರ್. ಅದಕ್ಕಿಂತ ದೊಡ್ಡದು ಈ ರಸ್ತೆಗಳಿಗೆ ತಕ್ಕದ್ದಲ್ಲ.

ಹುಡುಗರೇ, ದುಡ್ಡು ಕೊಡುವ ಮೊದಲು ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿ ಓದಿ. ಆಯ್ದ ಟೈರಿನ ಭಾರದ ಅಂಕಿ ಅಲ್ಲಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು. ಹಾಕಿಸಿದ ಮೇಲೆ ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ, ಸ್ಟಿಯರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ನೋಡಿ. ಎಲ್ಲಾದರೂ ತಾಗಿದ ಸದ್ದು ಕೇಳಿಸಿದರೆ ಆ ಗಾಲಿಯನ್ನು ಅಂಗಡಿಯಲ್ಲೇ ಬಿಚ್ಚಿಸಿ ಬನ್ನಿ.