ಕಡೆದ ಕಂಬ, ಕಡೆದ ತಟ್ಟೆ

ಹಳೇಬೀಡಿಗೆ ಬರುವ ಯಾತ್ರಿಕರಲ್ಲಿ ಹೆಚ್ಚಿನವರು ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯನ್ನು ನೋಡುವುದರಲ್ಲಿಯೇ ತಮ್ಮ ಹೊತ್ತನ್ನೆಲ್ಲ ಕಳೆದುಬಿಡುತ್ತಾರೆ. ಅದು ತಪ್ಪೆಂದು ಹೇಳಲಾರೆ. ಆದರೆ ಅಲ್ಲಿಂದ ಸ್ವಲ್ಪ ದೂರದ ಬಸ್ತಿಹಳ್ಳಿಗೆ ಹೋಗಿ, 1133ರಲ್ಲಿ ಬೊಪ್ಪದೇವನು ತನ್ನ ತಂದೆ ಗಂಗರಾಜನ ನೆನಪಿಗೆ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ನವರಂಗದಲ್ಲಿ ಒಂದು ಗಳಿಗೆ ನಿಂತು ಬರುವವರು ಕಡಿಮೆ. ಅಲ್ಲಿನ ಕಂಬಗಳ ಮುಂದೆ ನಿಂತರೆ ನಮ್ಮ ಮುಖದ ನೆರಳು ಕಲ್ಲಿನಲ್ಲಿ ಮೂಡುತ್ತದೆ. ಈ ಊರಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದ ನಾನು ಎಷ್ಟೋ ಬಾರಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, 'ನೋಡಿ, ಕನ್ನಡಿಯಂತೆ ಹೊಳೆಯುತ್ತದೆ' ಎಂದು ಹೇಳಿ ಹಿಂದಕ್ಕೆ ಕರೆತಂದಿದ್ದೇನೆ. ಆ ಕಂಬವನ್ನು ನಿಜವಾಗಿ ನೋಡುವುದನ್ನು ನನಗೆ ಕಲಿಸಿದ್ದು ಮಾತ್ರ ಒಂದು ಹಳೆಯ ಕಾರು.

ನಮ್ಮ ತಂದೆಯವರು 1984ರಲ್ಲಿ ಕೊಂಡ ಅಂಬಾಸಿಡರ್ ಅದು. ಆ ಜಾತಿಯ ಕಾರುಗಳ ತಯಾರಿಕೆಯೇ 2014ರಲ್ಲಿ ನಿಂತುಹೋಯಿತು. ತಂದೆಯವರು ತೀರಿಕೊಂಡ ಮೇಲೆ ಅದು ಕೊಟ್ಟಿಗೆಯ ಮೂಲೆಯಲ್ಲಿ ಮಂಕಾಗಿ ನಿಂತಿತ್ತು. ಮಗಳ ಮದುವೆಯ ಹೊತ್ತಿಗೆ ಅದಕ್ಕೆ ಮೊದಲಿನ ಹೊಳಪು ಬರಿಸಬೇಕೆಂಬ ಆಸೆಯಾಯಿತು. ಬೆಂಗಳೂರಿನಲ್ಲಿರುವ ಸೋದರಳಿಯ ತನ್ನ ಹಳೆಯ ಪಾಲಿಶ್ ಯಂತ್ರವೊಂದನ್ನು ತಂದುಕೊಟ್ಟ. ಯಂತ್ರದ ತುದಿಯಲ್ಲಿ ಏಳು ಅಂಗುಲದ ಒಂದು ತಟ್ಟೆ. ಬ್ಯಾಕಿಂಗ್ ಪ್ಲೇಟ್ ಎಂದು ಅದರ ಹೆಸರು. ಆ ತಟ್ಟೆಗೆ ಎಂಟು ಅಂಗುಲದ ಮೆತ್ತನೆಯ ಪ್ಯಾಡು ಅಂಟಿಕೊಳ್ಳುತ್ತದೆ. ಅಂಟಿಸುವುದಕ್ಕೆ ಗೋಂದಿಲ್ಲ. ನಮ್ಮ ಹೊಲದ ಬದುಗಳಲ್ಲಿ ಉತ್ತರಾಣಿಯ ಬೀಜ ಪಂಚೆಯ ಅಂಚಿಗೆ ಕಚ್ಚಿಕೊಳ್ಳುವುದಿಲ್ಲವೇ, ಹಾಗೆಯೇ ತಟ್ಟೆಯ ಮೇಲಿನ ಸಣ್ಣ ಕೊಕ್ಕೆಗಳು ಪ್ಯಾಡಿನ ಎಳೆಗಳನ್ನು ಕಚ್ಚಿ ಹಿಡಿಯುತ್ತವೆ.

ಕಾರಿನ ಮೇಲ್ಛಾವಣಿ, ಬಾನೆಟ್ಟು ಮೊದಲಾದ ವಿಶಾಲವಾದ ಭಾಗಗಳಲ್ಲಿ ಕೆಲಸ ಚೆನ್ನಾಗಿಯೇ ಸಾಗಿತು. ಆದರೆ ಅಂಬಾಸಿಡರಿನ ಮೈ ಬಯಲಲ್ಲ. ಅದರ ಮಡ್‌ಗಾರ್ಡು ಆನೆಯ ನೆತ್ತಿಯಂತೆ ಉಬ್ಬಿ, ಮುಂದೀಪದ ಬಳಿ ಬಳುಕಿ ಒಳಸರಿಯುತ್ತದೆ. ಆ ಒಳಬಾಗಿನಲ್ಲಿ ಎಂಟು ಅಂಗುಲದ ಪ್ಯಾಡು ಪೂರ್ತಿ ಕೂರುವುದಿಲ್ಲ. ಅದರ ಅಂಚು ಮಾತ್ರ ತಾಗುತ್ತದೆ. ಹೊಳಪಿನ ಆಸೆಯಲ್ಲಿ ನಾನು ಯಂತ್ರವನ್ನು ಓರೆಮಾಡಿ ಒತ್ತಿದೆ. ಪ್ಯಾಡು ಮಡಿಚಿಕೊಂಡು ತಟ್ಟೆಯ ಗಟ್ಟಿ ಅಂಚೇ ಬಣ್ಣಕ್ಕೆ ತಗುಲಿತು. ಕಣ್ಣು ಮಿಟುಕಿಸುವಷ್ಟರಲ್ಲಿ ದೀಪದ ಬಳೆಯ ಪಕ್ಕದಲ್ಲಿ ರೂಪಾಯಿ ನಾಣ್ಯದಗಲ ಬಣ್ಣ ಹಾರಿ, ಒಳಗಿನ ಪ್ರೈಮರ್ ಬೂದುಬಣ್ಣದಲ್ಲಿ ಇಣುಕಿತು. ತಂದೆಯವರು ಪ್ರತಿ ಭಾನುವಾರ ಒದ್ದೆಬಟ್ಟೆಯಿಂದ ಒರೆಸುತ್ತಿದ್ದ ಜಾಗ ಅದು.

ಮರುದಿನ ಬೇಲೂರಿನ ರಸ್ತೆಯಲ್ಲಿರುವ ಪೇಂಟರೊಬ್ಬರ ಶೆಡ್ಡಿಗೆ ಕಾರನ್ನು ತೆಗೆದುಕೊಂಡು ಹೋದೆ. ಅವರು ನನ್ನ ಹಳೆಯ ವಿದ್ಯಾರ್ಥಿ. ಗಾಯವನ್ನು ಬೆರಳಿನಿಂದ ಸವರಿ, "ಇನ್ನೂ ಉಜ್ಜಿದರೆ ಸರಿಹೋಗುತ್ತೇನಪ್ಪ?" ಎಂಬ ನನ್ನ ಪ್ರಶ್ನೆಗೆ ನಕ್ಕರು. "ಉಜ್ಜಿದರೆ ಬಣ್ಣ ಹೋಗುತ್ತೆ ಮೇಷ್ಟ್ರೇ, ಬರೋದಿಲ್ಲ" ಎಂದರು.

ಈ ಸಣ್ಣ ಮಾತಿನಲ್ಲಿ ಹೊಳಪಿನ ಶಾಸ್ತ್ರವೆಲ್ಲ ಅಡಗಿದೆ. ಹೊಳಪನ್ನು ನಾವು ಮೇಲೆ ಬಳಿಯುವ ವಸ್ತುವೆಂದು ತಿಳಿಯುತ್ತೇವೆ. ವಾಸ್ತವದಲ್ಲಿ ಅದು ಕಳೆಯುವ ಕೆಲಸ. ಮೇಲ್ಮೈಯ ಗೀರುಗಳ ದಡಗಳನ್ನು ಸವೆಸಿ ಸಮ ಮಾಡಿದಾಗ ಬಿದ್ದ ಬೆಳಕು ಚೆದರದೆ ಒಂದೇ ದಿಕ್ಕಿಗೆ ಹಿಂತಿರುಗುತ್ತದೆ, ಅದೇ ಹೊಳಪು. ಇಂದಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್‌ಕೋಟ್ ಎಂಬ ಪಾರದರ್ಶಕ ಪದರವಿರುತ್ತದೆ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ನಮ್ಮ ಹಳೆಯ ಕಾರಿಗೆ ಆ ಕವಚವೂ ಇಲ್ಲ. ಅಲ್ಲಿ ಪ್ರತಿ ಉಜ್ಜಿನಲ್ಲಿಯೂ ಬಣ್ಣವೇ ಸವೆಯುತ್ತದೆ. ಪ್ಯಾಡಿಗೆ ಹತ್ತುವ ಬಣ್ಣವೇ ಅದಕ್ಕೆ ಸಾಕ್ಷಿ.

ಈ ಒಳಬಾಗಿಗೆ ನಾಲ್ಕು ಅಂಗುಲದ ಪ್ಯಾಡು ಬೇಕು ಎಂದರು ಪೇಂಟರು. ಪ್ಯಾಡು ಅವರ ಬಳಿ ಇತ್ತು. ಅದಕ್ಕೆ ತಕ್ಕ ತಟ್ಟೆಯೂ ಇತ್ತು. ಆದರೆ ಅದರ ಮರೆ ನನ್ನ ಯಂತ್ರದ ದಂಡಕ್ಕೆ ಕೂರಲಿಲ್ಲ. ಮರೆ ಕೂರುವ ಇನ್ನೊಂದು ತಟ್ಟೆ ಮೂಲೆಯಲ್ಲಿ ಬಿದ್ದಿತ್ತು. ಅದು ಐದು ಅಂಗುಲದ್ದು. ಅದರ ಹೊರ ಅಂಚಿನ ಕೊಕ್ಕೆಗಳು ಸವೆದುಹೋಗಿದ್ದವು. ನಡುವಿನವು ಮಾತ್ರ ಗಟ್ಟಿಯಾಗಿದ್ದವು. "ಇದನ್ನೇ ಕಿರಿದು ಮಾಡೋಣ" ಎಂದು ಅದನ್ನು ಎತ್ತಿಕೊಂಡರು.

ಮೊದಲು ತಟ್ಟೆಯ ಬೆನ್ನನ್ನು ಒತ್ತಿ ನೋಡಿದರು. ತಟ್ಟೆಯೊಳಗೆ ಒಂದು ಗಟ್ಟಿಯಾದ ಗರ್ಭವಿರುತ್ತದೆ, ಅದರ ಸುತ್ತ ಮೆತ್ತನೆಯ ಪದರ. ಕತ್ತರಿಸುವ ಗೆರೆ ಮೆತ್ತನೆಯ ಭಾಗದಲ್ಲಿಯೇ ಬೀಳಬೇಕು. ಗರ್ಭವನ್ನು ಮುಟ್ಟುವುದಾದರೆ ಆ ತಟ್ಟೆಯನ್ನು ಕೈಬಿಡಬೇಕು. ಅಳತೆ ಮೂರೂವರೆ ಅಂಗುಲ. ಪ್ಯಾಡಿಗಿಂತ ತಟ್ಟೆ ಸುತ್ತಲೂ ಕಾಲು ಅಂಗುಲ ಚಿಕ್ಕದಿದ್ದರೆ ಮೆತ್ತನೆಯ ಅಂಚು ಹೊರಚಾಚಿ ಬಣ್ಣವನ್ನು ಕಾಯುತ್ತದೆ.

ಇನ್ನು ಗೆರೆ ಎಳೆಯಬೇಕು. ನಾನು ಕೈವಾರ ತರಲು ಹೊರಟೆ. ಅವರು ಬೇಡವೆಂದರು. ತಟ್ಟೆಯನ್ನು ಯಂತ್ರಕ್ಕೆ ಬಿಗಿದು, ಯಂತ್ರವನ್ನು ಬೆಂಚಿಗೆ ಭದ್ರವಾಗಿ ಕಟ್ಟಿ, ಅತಿ ನಿಧಾನದ ವೇಗದಲ್ಲಿ ತಿರುಗಿಸಿ, ಆನಿಕೆಯ ಮೇಲೆ ಕೈಯೂರಿ ಪೆನ್ಸಿಲಿನ ತುದಿಯನ್ನು ಮೆಲ್ಲನೆ ಸೋಕಿಸಿದರು. ತಟ್ಟೆ ತನ್ನ ವೃತ್ತವನ್ನು ತಾನೇ ಬರೆದುಕೊಂಡಿತು. ಕೈವಾರದಿಂದ ಎಳೆದಿದ್ದರೆ ಅದು ನಾವು ಊಹಿಸಿದ ಕೇಂದ್ರದ ಸುತ್ತ ಇರುತ್ತಿತ್ತು. ಇದು ತಟ್ಟೆ ನಿಜವಾಗಿ ತಿರುಗುವ ಕೇಂದ್ರದ ಸುತ್ತ ಇದೆ. ಬಳಿಕ ವಿದ್ಯುತ್ತಿನ ಪ್ಲಗ್ಗನ್ನು ಕಿತ್ತು, ಗೆರೆಯ ಹೊರಗೆ ಸ್ವಲ್ಪ ಬಿಟ್ಟು ಚಾಕುವಿನಿಂದ ಕೊಯ್ದರು. ತಿರುಗುವ ತಟ್ಟೆಗೆ ಎಂದಿಗೂ ಅಲಗನ್ನು ಹಿಡಿಯಬಾರದೆಂದು ಎಚ್ಚರಿಸಿದರು. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮತ್ತೆ ನಿಧಾನವಾಗಿ ತಿರುಗಿಸಿ, ಮರದ ತುಂಡಿಗೆ ಸುತ್ತಿದ ಎಮರಿ ಕಾಗದವನ್ನು ಅಂಚಿಗೆ ಹಿಡಿದರು. ಮೊದಲು ಅಂಚು ಎರಡೆರಡಾಗಿ ನಡುಗುತ್ತ ಕಾಣುತ್ತಿತ್ತು. ಉಬ್ಬು ಸವೆದಂತೆ ನಡುಕ ತಗ್ಗಿತು. ಕಡೆಗೆ ಅಂಚು ಒಂದೇ ಗೆರೆಯಾಗಿ, ತಟ್ಟೆ ತಿರುಗುತ್ತಿಲ್ಲವೇನೋ ಎಂಬಂತೆ ನಿಂತಿತು.

ಆಗ ನನಗೆ ಹೊಳೆಯಿತು: ಇದು ಕಡೆಯುವ ಕೆಲಸ! ನಮ್ಮ ಭಾಷೆಯಲ್ಲಿ ಮಜ್ಜಿಗೆಯನ್ನೂ ಕಡೆಯುತ್ತೇವೆ, ಚನ್ನಪಟ್ಟಣದ ಬೊಂಬೆಯನ್ನೂ ಕಡೆಯುತ್ತೇವೆ. ಎರಡರಲ್ಲಿಯೂ ಇರುವುದು ತಿರುಗುವಿಕೆ. ಹೊಯ್ಸಳರ ಕಂಬವೂ ಹೀಗೆ ತಿರುಗಿಸಿ ಕಡೆದದ್ದೇ. ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಬಳಪದ ಕಲ್ಲು ಆ ಕೆಲಸಕ್ಕೆ ಒದಗಿತು. ಆ ಕಂಬಗಳ ಮೈಮೇಲೆ ಸುತ್ತಲೂ ಹರಿಯುವ ಸೂಕ್ಷ್ಮವಾದ ಗೆರೆಗಳನ್ನು ಈಗಲೂ ಕಾಣಬಹುದು. ಪೇಂಟರ ಪೆನ್ಸಿಲು ಎಳೆದದ್ದೂ ಅಂಥದೇ ಗೆರೆ.

ತಟ್ಟೆ ಚಿಕ್ಕದಾಯಿತೆಂದ ಮಾತ್ರಕ್ಕೆ ಅಪಾಯ ಚಿಕ್ಕದಾಗಲಿಲ್ಲ. ನಿಮಿಷಕ್ಕೆ 1500 ಸುತ್ತಿನಲ್ಲಿ ಎಂಟು ಅಂಗುಲದ ಪ್ಯಾಡಿನ ಅಂಚು ಸೆಕೆಂಡಿಗೆ ಸುಮಾರು 16 ಮೀಟರ್ ಓಡಿದರೆ, ನಾಲ್ಕು ಅಂಗುಲದ ಪ್ಯಾಡಿನ ಅಂಚು ಓಡುವುದು ಸುಮಾರು 8 ಮೀಟರ್. ವೇಗ ಅರ್ಧಕ್ಕಿಳಿಯಿತು, ನಿಜ. ಆದರೆ ಪ್ಯಾಡಿನ ವಿಸ್ತಾರ ಕಾಲುಭಾಗಕ್ಕಿಳಿಯಿತು. ಮೊದಲಿನಷ್ಟೇ ಭಾರ ಹಾಕಿ ಒತ್ತಿದರೆ ಬಣ್ಣದ ಪ್ರತಿ ಅಂಗುಲದ ಮೇಲೆ ಬೀಳುವ ಒತ್ತಡ ನಾಲ್ಕು ಪಟ್ಟು. ಒಂದೆಡೆ ನಿಂತರೆ ಅಲ್ಲಿಯೇ ಕಾವು ಸೇರುತ್ತದೆ. ಆದುದರಿಂದ ಸಣ್ಣ ಸಾಧನ ಹಿಡಿದ ಕೈ ಇನ್ನಷ್ಟು ಹಗುರವಾಗಬೇಕು, ಎಲ್ಲಿಯೂ ನಿಲ್ಲದೆ ಚಲಿಸುತ್ತಿರಬೇಕು. ಇನ್ನೊಂದು ಮಾತನ್ನೂ ಅವರು ಹೇಳಿದರು. ನನ್ನದು ಒಂದೇ ಅಕ್ಷದ ಮೇಲೆ ನೇರವಾಗಿ ಸುತ್ತುವ ಯಂತ್ರವಾದ್ದರಿಂದ ಈ ಉಪಾಯ ನಡೆಯಿತು. ಸುತ್ತುತ್ತಲೇ ಪಕ್ಕಕ್ಕೂ ಓಲಾಡುವ ಡ್ಯುಯಲ್ ಆ್ಯಕ್ಷನ್ ಯಂತ್ರಗಳೊಳಗೆ ತಟ್ಟೆ ಮತ್ತು ಪ್ಯಾಡಿನ ತೂಕಕ್ಕೆ ಹೊಂದಿಸಿದ ಪ್ರತಿತೂಕವಿರುತ್ತದೆ. ಅಲ್ಲಿ ತಟ್ಟೆಯನ್ನು ಕೊಯ್ದು ಹಗುರ ಮಾಡಿದರೆ ಆ ಸಮತೋಲ ಕೆಟ್ಟು ಯಂತ್ರವೆಲ್ಲ ನಡುಗತೊಡಗುತ್ತದೆ.

ನಾಣ್ಯದಗಲದ ಗಾಯಕ್ಕೆ ಅವರು ಬಣ್ಣ ಹಚ್ಚಿ, ಒಣಗಲು ಬಿಟ್ಟು, ಕೆಲವು ದಿನಗಳ ಮೇಲೆ ಆ ಪುಟ್ಟ ತಟ್ಟೆಯಿಂದ ಒಳಬಾಗನ್ನೆಲ್ಲ ಹದವಾಗಿ ಉಜ್ಜಿದರು. ಮಡ್‌ಗಾರ್ಡಿನ ಏಣಿನ ಬಳಿ ಬಂದಾಗ ಮಾತ್ರ ಯಂತ್ರವನ್ನು ಆರಿಸಿ, ಕೈಯಿಂದಲೇ ನಾಲ್ಕು ಸಲ ಒರೆಸಿ, "ಸಾಕು ಮೇಷ್ಟ್ರೇ" ಎಂದರು. ಏಣಿನ ಮೇಲೆ ಬಣ್ಣ ತೆಳುವಾಗಿರುತ್ತದಂತೆ. ಅಲ್ಲಿ ಸ್ವಲ್ಪ ಮಂಕು ಉಳಿದಿದೆ. ಉಳಿಯಲಿ ಎಂದು ನಾನೂ ಒಪ್ಪಿದೆ.

ಮದುವೆ ಮುಗಿದ ಮೇಲೆ ಒಂದು ಸಂಜೆ ಒಬ್ಬನೇ ಬಸ್ತಿಹಳ್ಳಿಗೆ ಹೋದೆ. ಈ ಬಾರಿ ನನ್ನ ಮುಖದ ನೆರಳನ್ನು ನೋಡಲಿಲ್ಲ. ಕಂಬದ ಕೊರಳನ್ನು ನೋಡಿದೆ. ಗಂಟೆಯಂತೆ ಇಳಿದ ಭಾಗ, ಅದರ ಮೇಲೆ ತೆಳುವಾದ ಬಿಲ್ಲೆ, ನಡುವೆ ಕಿರಿದಾದ ಸಂದು. ಸಂದಿನ ಒಳಗೂ ಹೊಳಪಿದೆ. ಬಿಲ್ಲೆಯ ಏಣೂ ಚೂಪಾಗಿದೆ. ದೊಡ್ಡ ಸಾಧನದಿಂದ ಅವಸರವಾಗಿ ಉಜ್ಜಿದ್ದರೆ ಸಂದು ಮಂಕಾಗಿ ಉಳಿಯುತ್ತಿತ್ತು, ಏಣು ಸವೆದು ಮೊಂಡಾಗುತ್ತಿತ್ತು. ಎರಡೂ ಉಳಿದಿವೆ ಎಂದರೆ ಆ ಸಂದಿನ ಅಳತೆಗೆ ತನ್ನ ಸಾಧನವನ್ನು ಕಿರಿದು ಮಾಡಿಕೊಂಡು, ಏಣಿನ ಬಳಿ ಕೈ ತಡೆದ ಒಬ್ಬ ಕೆಲಸಗಾರ ಇಲ್ಲಿ ಕುಳಿತಿದ್ದಿರಬೇಕು. ಹೊಳೆಯುವಂತೆ ಮಾಡುವುದು ಅವನ ಅರ್ಧ ಕೆಲಸ. ಆಕಾರ ಅಳಿಯದಂತೆ ಕಾಯುವುದು ಉಳಿದರ್ಧ.

ಬೇಲೂರು, ಸೋಮನಾಥಪುರಗಳ ಜೊತೆಗೆ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವೂ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದನ್ನು ನೋಡಲು ನೀವು ಬಂದಾಗ ಬಸ್ತಿಹಳ್ಳಿಗೂ ಬನ್ನಿ. ಕಂಬದಲ್ಲಿ ನಿಮ್ಮ ನೆರಳನ್ನು ಕಂಡು ಸಂತೋಷಪಟ್ಟ ಮೇಲೆ, ದಯವಿಟ್ಟು ಅದರ ಕೊರಳಿನ ಸಂದನ್ನೂ ಒಮ್ಮೆ ಬಗ್ಗಿ ನೋಡಿ.