ಶರೀರಕ್ಕೂ ಹಕ್ಕಿದೆ: ಹೃದಯಾಘಾತದ ನಂತರದ ಹೊಣೆ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿವರ್ಯರ(ಸ) ಮೇಲೆ ಸಲಾತ್ ಮತ್ತು ಸಲಾಮ್.



ಹಝ್ರತ್ ಸಅದ್ ಬಿನ್ ಅಬೀ ವಕ್ಕಾಸ್(ರ) ಅಸ್ವಸ್ಥರಾದಾಗ ಪ್ರವಾದಿವರ್ಯರು(ಸ) ಅವರನ್ನು ನೋಡಲು ಹೋದರು. ಎದೆಯ ಮೇಲೆ ಕೈಯಿಟ್ಟು, ಇದು ಹೃದಯದ ಕಾಯಿಲೆಯೆಂದು ಹೇಳಿ, ಸಖೀಫ್ ಗೋತ್ರದ ವೈದ್ಯ ಹಾರಿಸ್ ಬಿನ್ ಕಲದಾರ ಬಳಿಗೆ ಹೋಗಲು ಸೂಚಿಸಿದರೆಂದು ಅಬೂದಾವೂದ್‌ನಲ್ಲಿ ವರದಿಯಾಗಿದೆ. ಸಅದ್(ರ) ಆ ಬಳಿಕವೂ ದೀರ್ಘಕಾಲ ಬದುಕಿದರು. ಉಮರ್(ರ) ಅವರ ಆಡಳಿತದಲ್ಲಿ ಕಾದಿಸಿಯ್ಯಾದ ಸೇನಾನಾಯಕರಾದರು. ಹೃದಯದ ಕಾಯಿಲೆ ಬಂದರೆ ಬದುಕು ಮುಗಿಯಿತೆಂದು ಭಾವಿಸುವವರಿಗೆ ಇದರಲ್ಲಿ ಪಾಠವಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2019ರಲ್ಲಿ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದ ಜಗತ್ತಿನಲ್ಲಿ ಸುಮಾರು 1 ಕೋಟಿ 79 ಲಕ್ಷ ಜನರು ಮೃತಪಟ್ಟರು. ಬದುಕುಳಿದವರು ಚೇತರಿಸಿಕೊಳ್ಳಲು ‘ಹೃದಯ ಪುನಶ್ಚೇತನ’ ಎಂಬ ಚಿಕಿತ್ಸಾ ಕ್ರಮವಿದೆ. ಕೆಲವು ವಾರಗಳ ಕಾಲ ಹಂತಹಂತವಾಗಿ ವ್ಯಾಯಾಮ ಮಾಡಿಸುವುದು, ಆಹಾರದ ತಿಳುವಳಿಕೆ, ತಂಬಾಕು ಬಿಡಿಸುವುದು, ಮಾತ್ರೆಗಳ ಕ್ರಮ, ಮನಸ್ಸಿನ ಭಯ ನೀಗಿಸುವುದು ಇದರಲ್ಲಿ ಸೇರಿವೆ. ಇದರಿಂದ ಮರಳಿ ಆಸ್ಪತ್ರೆ ಸೇರುವುದೂ, ಹೃದಯದ ಕಾಯಿಲೆಯಿಂದ ಸಾವೂ ಕಡಿಮೆಯಾಗುತ್ತವೆ. ಆದರೆ ಜಗತ್ತಿನ ಸುಮಾರು ಅರ್ಧದಷ್ಟು ದೇಶಗಳಲ್ಲಿ ಮಾತ್ರ ಈ ಸೌಲಭ್ಯವಿದೆ. ಇರುವಲ್ಲಿಯೂ ಮಹಿಳೆಯರು ಇದಕ್ಕೆ ಬರುವುದು ಕಡಿಮೆ.

ನಮ್ಮ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿಂದ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ತುರ್ತು ಚುಚ್ಚುಮದ್ದು ಕೊಡುತ್ತಿದ್ದಾರೆ. ಅಲ್‌ಹಮ್ದುಲಿಲ್ಲಾಹ್, ಜೀವ ಉಳಿಯುತ್ತದೆ. ಮನೆಗೆ ಮರಳಿದ ಮೇಲೆ? ಅಬ್ಬಾ ಕದಲಬಾರದೆಂದು ಮಕ್ಕಳು ಮಂಚದಲ್ಲೇ ಕೂರಿಸುತ್ತಾರೆ. ನೋಡಲು ಬಂದವರು ಬೇಕರಿ ತಿಂಡಿ ತರುತ್ತಾರೆ. ಮೂರು ತಿಂಗಳಲ್ಲಿ ‘ಈಗ ಹುಷಾರಾಗಿದ್ದೇನೆ’ ಎಂದು ಮಾತ್ರೆ ನಿಲ್ಲುತ್ತದೆ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೆ ಅಪಾಯವಾಗಬಹುದು. ಇದನ್ನು ತವಕ್ಕುಲ್ ಎನ್ನಬೇಡಿ. ಒಂಟೆಯನ್ನು ಕಟ್ಟಿ ಅಲ್ಲಾಹನ ಮೇಲೆ ಭರವಸೆಯಿಡಲು ಪ್ರವಾದಿವರ್ಯರು(ಸ) ಕಲಿಸಿದ್ದಾರೆ.

ಹಗಲಿಡೀ ಉಪವಾಸ, ರಾತ್ರಿಯಿಡೀ ನಮಾಝ್ ಮಾಡುತ್ತಿದ್ದ ಅಬ್ದುಲ್ಲಾ ಬಿನ್ ಅಮ್ರ್‌ರಿಗೆ(ರ), ಶರೀರಕ್ಕೂ ನಿಮ್ಮ ಮೇಲೆ ಹಕ್ಕಿದೆಯೆಂದು ಅವರು ನೆನಪಿಸಿದರು. ಆರಾಧನೆಯ ಹೆಸರಿನಲ್ಲೂ ಆ ಹಕ್ಕನ್ನು ಕಸಿಯುವಂತಿಲ್ಲ ಎಂದ ಮೇಲೆ ಬೀಡಿ, ಗುಟ್ಕಾದ ಚಟಕ್ಕಾಗಿ ಕಸಿಯಬಹುದೇ?

ಸಹೋದರರೇ, ಈ ಪುನಶ್ಚೇತನಕ್ಕೆ ದೊಡ್ಡ ಯಂತ್ರಗಳೇ ಬೇಕೆಂದಿಲ್ಲ. ವೈದ್ಯಕೀಯ ಮಾರ್ಗದರ್ಶನದಲ್ಲಿ ಮನೆಯಲ್ಲೇ ನಡೆಸುವ ಕ್ರಮವೂ ಆಸ್ಪತ್ರೆಯಲ್ಲಿ ನಡೆಸುವಷ್ಟೇ ಫಲ ಕೊಡುತ್ತದೆಂದು ಅಧ್ಯಯನಗಳು ತೋರಿಸಿವೆ. ಡಿಸ್ಚಾರ್ಜ್ ದಿನವೇ ವೈದ್ಯರಲ್ಲಿ ಕೇಳಿ: ಎಷ್ಟು ನಡೆಯಬಹುದು, ಯಾವ ಕೆಲಸ ಯಾವಾಗ ಶುರು ಮಾಡಬಹುದು, ಯಾವ ಮಾತ್ರೆ ಎಷ್ಟು ಕಾಲ? ನಡೆಯುವಾಗ ಎದೆನೋವು, ತಲೆಸುತ್ತು ಅಥವಾ ವಿಪರೀತ ಏದುಸಿರು ಬಂದರೆ ತಕ್ಷಣ ನಿಲ್ಲಿಸಿ. ಎದೆನೋವು ಕಡಿಮೆಯಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ರಮಝಾನಿಗೆ ಮೊದಲೇ ಉಪವಾಸದ ಬಗ್ಗೆ ವೈದ್ಯರನ್ನು ವಿಚಾರಿಸಿ. ರೋಗಿಗೆ ಅಲ್ಲಾಹನೇ ರಿಯಾಯಿತಿ ಕೊಟ್ಟಿದ್ದಾನೆ. ಅದನ್ನು ಸ್ವೀಕರಿಸುವುದು ಈಮಾನಿನ ಕೊರತೆಯಲ್ಲ.

ಜಮಾಅತ್‌ಗೂ ಕೆಲಸವಿದೆ. ಫಜ್ರ್ ಬಳಿಕ ಅಂತಹವರೊಂದಿಗೆ ಇಬ್ಬರು ಜೊತೆಯಾಗಿ ನಡೆಯಲಿ. ತಿಂಗಳಿಗೊಮ್ಮೆ ಮಸೀದಿ ಆವರಣದಲ್ಲಿ ಬಿಪಿ, ಶುಗರ್ ತಪಾಸಣೆಯಾಗಲಿ, ಮಹಿಳೆಯರಿಗೆ ಪ್ರತ್ಯೇಕ ಸಮಯವಿರಲಿ. ಮಾತ್ರೆ ಕೊಳ್ಳಲಾಗದ ಬಡವರನ್ನು ಗುರುತಿಸಿ, ಝಕಾತ್‌ಗೆ ಅರ್ಹರಾದವರಿಗೆ ಅದರಿಂದ, ಉಳಿದವರಿಗೆ ಸದಕಾದಿಂದ ನೆರವಾಗೋಣ. ಮನೆಯ ಅಡುಗೆಯಲ್ಲಿ ಎಣ್ಣೆ, ಉಪ್ಪು ಕಡಿಮೆಯಾಗಲಿ. ರೋಗಿಗೊಬ್ಬರಿಗಲ್ಲ, ಎಲ್ಲರಿಗೂ. ಅಮ್ಮನಿಗೆ ಎದೆನೋವೆಂದರೆ ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕಬೇಡಿ.

ಅಲ್ಲಾಹನು ನಮ್ಮ ರೋಗಿಗಳಿಗೆ ಶಿಫಾ ನೀಡಲಿ, ಅವರ ಸೇವೆ ಮಾಡುವ ತೌಫೀಕ್ ನಮಗೆ ನೀಡಲಿ. ಆಮೀನ್.