ಹತ್ತರಿಯ ಕೂಟದಲ್ಲಿ ಕೇಳಿದ ಪ್ರಶ್ನೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು 2005ರಲ್ಲಿ ಈ ಶಾಲೆಯಿಂದ ಎಸ್.ಎಸ್.ಎಲ್.ಸಿ. ಮುಗಿಸಿದವನು. ಆಮೇಲೆ ಪಿ.ಯು.ಸಿ., ಬಿ.ಇ. ಮಾಡಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಸಮಿತಿಯವರು ಫೋನ್ ಮಾಡಿ, "ಕಂಪ್ಯೂಟರ್ ಬಗ್ಗೆ, ಮಕ್ಕಳಿಗೆ ಉಪಯೋಗ ಆಗೋ ಹಾಗೆ ಹದಿನೈದು ನಿಮಿಷ ಮಾತಾಡಪ್ಪ" ಅಂದರು. ಆಗಲಿ ಎಂದೆ. ಬರೆಯಲು ಕೂತಾಗ ಕಂಪ್ಯೂಟರ್ ಬಗ್ಗೆ ಒಂದು ಸಾಲೂ ಬರಲಿಲ್ಲ. ಮಕ್ಕಳಿಗೆ ಅದರ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಹಾಗಾಗಿ ಸಮಿತಿಯವರ ಕ್ಷಮೆ ಕೇಳಿ ಮರಗೆಲಸದ ಬಗ್ಗೆ ಮಾತಾಡುತ್ತೇನೆ.

ಕಂಪನಿಯವರು ನನ್ನನ್ನು ಮೂರು ವರ್ಷ ಜಪಾನಿಗೆ ಕಳಿಸಿದ್ದರು. ಎರಡನೆಯ ವರ್ಷ, ನನ್ನ ಜೊತೆ ಕೆಲಸ ಮಾಡುತ್ತಿದ್ದ ಜಪಾನಿ ಗೆಳೆಯರೊಬ್ಬರು ಒಂದು ಶನಿವಾರ, "ನಿಮ್ಮ ತಂದೆ ಬಡಗಿ ಎಂದಿದ್ದಿರಲ್ಲ, ಒಂದು ಕಡೆ ಕರೆದುಕೊಂಡು ಹೋಗುತ್ತೇನೆ ಬನ್ನಿ" ಎಂದರು. ರೈಲಿನಲ್ಲಿ ಎರಡು ಗಂಟೆಯ ದಾರಿ. ಹೋಗಿ ನೋಡಿದರೆ ಒಂದು ದೊಡ್ಡ ಒಳಾಂಗಣ ಕ್ರೀಡಾಂಗಣದ ತುಂಬ ಬಡಗಿಗಳು.

ಆ ಕೂಟದ ಹೆಸರು ಕೆಜುರೋ ಕಾಯ್. "ಹೆರೆಯೋಣ ಬನ್ನಿ" ಎನ್ನುವಂಥ ಅರ್ಥ. 1997ರಲ್ಲಿ ಶುರುವಾದದ್ದು, ಬೇರೆ ಬೇರೆ ಊರುಗಳಲ್ಲಿ ಸೇರುತ್ತದೆ. ಅಲ್ಲಿನ ಮುಖ್ಯ ಸ್ಪರ್ಧೆ ಏನು ಗೊತ್ತೆ? ಮರಕ್ಕೆ ಹತ್ತರಿ ಹಿಡಿದು ಎಷ್ಟು ತೆಳ್ಳಗೆ ಸುರುಳಿ ತೆಗೆಯಬಹುದು ಎನ್ನುವುದು. ಅಷ್ಟೇ. ಅವರ ಹತ್ತರಿಗೆ ಕನ್ನ ಎಂದು ಹೆಸರು. ನಮ್ಮ ಕಡೆ ಕನ್ನ ಎಂದರೆ ಕಳ್ಳರು ಹಾಕುವುದು. ಇದನ್ನು ಗೆಳೆಯರಿಗೆ ಹೇಳಿದಾಗ ಅವರು ಬಹಳ ಹೊತ್ತು ನಕ್ಕರು.

ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. ಅಲ್ಲಿ ಗೆಲ್ಲುವವರು ತೆಗೆಯುವ ಸುರುಳಿ 5 ಮೈಕ್ರಾನಿಗಿಂತ ತೆಳು. ಉದ್ದವಾದ ಹಿನೋಕಿ ಮರದ ತೊಲೆ, ಅದರ ಈ ತುದಿಯಿಂದ ಆ ತುದಿಯವರೆಗೆ ಒಂದೇ ಎಳೆತ. ಬರುವ ಸುರುಳಿ ರೇಷ್ಮೆಗಿಂತ ಹಗುರ. ಹಿಂದೆ ಹಿಡಿದ ಪತ್ರಿಕೆಯ ಅಕ್ಷರ ಓದಬಹುದು. ಅದನ್ನು ಮೂರು ಕಡೆ ಮೈಕ್ರೋಮೀಟರಿನಲ್ಲಿ ಅಳೆಯುತ್ತಾರೆ.

ನನ್ನ ಮನಸ್ಸಿಗೂ ಬಂದ ಪ್ರಶ್ನೆ ನಿಮಗೂ ಬಂದಿರುತ್ತದೆ. ಅಷ್ಟು ತೆಳುವಾದ ಸುರುಳಿಯಿಂದ ಏನು ಉಪಯೋಗ? ಏನೂ ಇಲ್ಲ. ಗುಡಿಸಿ ಎಸೆಯಬೇಕು. ಆದರೆ ಆ ಸುರುಳಿ ಬರಬೇಕಾದರೆ ಬೇಕಾಗುವ ಸಿದ್ಧತೆಯನ್ನು ಕೇಳಿ. ಅಲಗು ಎರಡು ಲೋಹದ್ದು. ಮೆತ್ತನೆ ಕಬ್ಬಿಣದ ಮೇಲೆ ಗಟ್ಟಿ ಉಕ್ಕಿನ ತೆಳು ಪದರ ಬೆಸೆದಿರುತ್ತಾರೆ. ಅದನ್ನು ಕಮ್ಮಾರ ಸರಿಯಾಗಿ ಹದ ಮಾಡಿರಬೇಕು. ಸಾಣೆಕಲ್ಲು ಒಂದಿಷ್ಟೂ ತಗ್ಗಿಲ್ಲದೆ ಸಮವಾಗಿರಬೇಕು. ಹತ್ತರಿಯ ಮೈ ಓಕ್ ಮರದ್ದು. ಗಾಳಿಯ ತೇವ ಹೆಚ್ಚು ಕಡಿಮೆಯಾದರೆ ಅದು ಕೂದಲೆಳೆಯಷ್ಟು ಬಾಗುತ್ತದೆ, ಅದನ್ನು ಅವತ್ತೇ ತಿದ್ದಬೇಕು. ಕಮ್ಮಾರ, ಕಲ್ಲಿನವನು, ಹತ್ತರಿಯ ಮೈ ಮಾಡುವವನು, ಬಡಗಿ, ನಾಲ್ವರಲ್ಲಿ ಒಬ್ಬನ ಕೆಲಸ ಕೆಟ್ಟರೂ ಸುರುಳಿ ಹರಿಯುತ್ತದೆ. ಆ ಕೂಟದಲ್ಲಿ ನಾಲ್ವರೂ ಇರುತ್ತಾರೆ. ಒಬ್ಬರ ಕೆಲಸ ಒಬ್ಬರು ನೋಡುತ್ತಾರೆ, ಕೇಳುತ್ತಾರೆ, ಹೇಳಿಕೊಡುತ್ತಾರೆ. ನಮ್ಮ ಸಾಫ್ಟ್‌ವೇರಿನಲ್ಲಿ ಬರೆದದ್ದನ್ನು ಎಲ್ಲರಿಗೂ ತೆರೆದಿಟ್ಟು ತಿದ್ದಿಕೊಳ್ಳುವ ಒಂದು ಪದ್ಧತಿ ಇದೆ. ಹಾಗೆ ಇದು.

ಸ್ಪರ್ಧೆಯ ಆಚೆ ಪ್ರಾತ್ಯಕ್ಷಿಕೆಗಳು. ಒಂದು ಕಡೆ ಬಾಚಿಯಲ್ಲಿ ತೊಲೆ ಕೆತ್ತುತ್ತಿದ್ದರು. ಹಿಡಿ ಬಾಗಿದೆ ಎನ್ನುವುದು ಬಿಟ್ಟರೆ ನಮ್ಮ ಬಾಚಿಯೇ. ಒಂದು ಕಡೆ ಮಸಿಯಲ್ಲಿ ಅದ್ದಿದ ದಾರ ಎಳೆದು ಹೊಡೆದು ಗೆರೆ ಹಾಕುತ್ತಿದ್ದರು. ನಮ್ಮಲ್ಲಿ ಕೆಮ್ಮಣ್ಣಿನ ದಾರ, ಅವರಲ್ಲಿ ಮಸಿಯ ದಾರ. ಇನ್ನೊಂದು ಕಡೆ ಈಟಿಯಂಥ ಒಂದು ಹತ್ತರಿ, ಯಾರಿಗನ್ನ ಎನ್ನುತ್ತಾರೆ. ಅದರ ಕಥೆ ಹೇಳಲೇಬೇಕು.

ಹೋರ್ಯೂಜಿ ಎಂಬ ದೇವಾಲಯ ಅಲ್ಲಿದೆ. ಜಗತ್ತಿನಲ್ಲಿ ಈಗಲೂ ನಿಂತಿರುವ ಅತ್ಯಂತ ಹಳೆಯ ಮರದ ಕಟ್ಟಡಗಳು ಅಲ್ಲಿವೆ, ಸುಮಾರು 1300 ವರ್ಷದವು. ಕಳೆದ ಶತಮಾನದಲ್ಲಿ ಅದರ ಜೀರ್ಣೋದ್ಧಾರ ಮಾಡಿದ ಬಡಗಿ ನಿಶಿಯೋಕ ತ್ಸುನೆಕಾಜು. ಹಳೆಯ ಕಂಬಗಳ ಮೇಲಿನ ಗುರುತು ಈಗಿನ ಹತ್ತರಿಯದ್ದಲ್ಲ, ಈಟಿಯಂಥದ್ದರದ್ದು ಎಂದು ಅವರು ಕಂಡುಕೊಂಡರು. ಆದರೆ ಆ ಉಪಕರಣ ಶತಮಾನಗಳ ಹಿಂದೆಯೇ ಬಳಕೆ ತಪ್ಪಿಹೋಗಿತ್ತು. ಹೇಗೆ ಹಿಡಿಯಬೇಕೆಂದು ಹೇಳಲು ಒಬ್ಬನೂ ಬದುಕಿರಲಿಲ್ಲ. ಅವರು ಹಳೆಯ ಗುರುತುಗಳನ್ನೂ ಉಳಿದಿದ್ದ ಮಾದರಿಗಳನ್ನೂ ನೋಡಿ ಅದನ್ನು ಮತ್ತೆ ಮಾಡಿಸಿ, ಕೈಗೆ ತಂದುಕೊಂಡರು. ಒಮ್ಮೆ ಕೈತಪ್ಪಿದ್ದನ್ನು ಮತ್ತೆ ಹಿಡಿಯುವುದು ಅಷ್ಟು ಕಷ್ಟ. ಇಸೆ ಎಂಬಲ್ಲಿನ ದೇವಾಲಯವನ್ನು ಅವರು 20 ವರ್ಷಕ್ಕೊಮ್ಮೆ ಪೂರ್ತಿ ಹೊಸದಾಗಿ ಕಟ್ಟುತ್ತಾರೆ. 2013ರಲ್ಲಿ ಕಟ್ಟಿದ್ದು 62ನೆಯ ಸಲ. ಅದರಿಂದ ಆಗುವ ಒಂದು ದೊಡ್ಡ ಲಾಭ ಎಂದರೆ ಒಬ್ಬ ಬಡಗಿ ಎಳೆಯನಾಗಿದ್ದಾಗ ನೋಡಿ ಕಲಿತದ್ದನ್ನು ನಡುವಯಸ್ಸಿನಲ್ಲಿ ತಾನೇ ಮಾಡಿ, ಇನ್ನೊಬ್ಬ ಎಳೆಯನಿಗೆ ತೋರಿಸಬಹುದು.

ಜಪಾನಿನಲ್ಲಿ ಎಲ್ಲ ಚೆನ್ನಾಗಿದೆ, ನಮ್ಮಲ್ಲಿ ಏನೂ ಇಲ್ಲ ಎಂದು ಹೇಳಲು ನಾನು ಬಂದಿಲ್ಲ. ಅಲ್ಲಿಯೂ 1980ರಲ್ಲಿ 9 ಲಕ್ಷಕ್ಕಿಂತ ಹೆಚ್ಚು ಇದ್ದ ಬಡಗಿಗಳು 2020ರ ಹೊತ್ತಿಗೆ ಸುಮಾರು 3 ಲಕ್ಷಕ್ಕೆ ಇಳಿದಿದ್ದರು. ಕೂಟಕ್ಕೆ ಬಂದವರಲ್ಲಿ ತಲೆ ನರೆತವರು ಬಹಳ. ಆದರೆ ಅವರ ಪಕ್ಕದಲ್ಲಿ ಕಾಲೇಜು ಹುಡುಗಿಯರಿದ್ದರು, ಬ್ಯಾಂಕಿನಲ್ಲಿ ಕೆಲಸ ಮಾಡುವವರಿದ್ದರು, ಅಪ್ಪನ ಹೆಗಲ ಮೇಲೆ ಕೂತ ಮಕ್ಕಳಿದ್ದರು. ಅಲ್ಲಿ ಹತ್ತರಿ ಹಿಡಿಯಲು ಬಡಗಿಯ ಮನೆಯಲ್ಲಿ ಹುಟ್ಟಿರಬೇಕು ಎನ್ನುವ ಮಾತೇ ಇರಲಿಲ್ಲ.

ಎಪ್ಪತ್ತು ದಾಟಿದ ಒಬ್ಬ ಅಜ್ಜ ನನ್ನನ್ನು ಕರೆದು ಹತ್ತರಿ ಕೈಗೆ ಕೊಟ್ಟರು. ಅವರದ್ದು ತಮ್ಮ ಕಡೆಗೆ ಎಳೆಯುವ ಹತ್ತರಿ, ನಮ್ಮದು ಮುಂದಕ್ಕೆ ನೂಕುವುದು. ನಾನು ಎಳೆದದ್ದು ಅರ್ಧಕ್ಕೇ ಹರಿಯಿತು. ಅಳೆದರೆ 40 ಮೈಕ್ರಾನ್. ಅವರದ್ದು 6. ಅಜ್ಜ ನಕ್ಕು, "ಪರವಾಗಿಲ್ಲ, ನಿಮ್ಮ ದೇಶದ ಹತ್ತರಿ ಹೇಗಿರುತ್ತದೆ?" ಎಂದು ಕೇಳಿದರು. ಗೆಳೆಯರು ಅನುವಾದ ಮಾಡಿದರು. ನಾನು ಖುಷಿಯಿಂದಲೇ ಶುರು ಮಾಡಿದೆ. ನಮ್ಮ ಅಪ್ಪ ದೊಡ್ಡ ಹಲಗೆಗೆ ಹತ್ತರಿ ಹಿಡಿಯುವಾಗ ಅದರ ಮುಂದಕ್ಕೆ ಹಗ್ಗ ಕಟ್ಟಿ ನನ್ನ ಕೈಗೆ ಕೊಡುತ್ತಿದ್ದ. ಅವನು ನೂಕುವುದು, ನಾನು ಎಳೆಯುವುದು. ಅಷ್ಟು ಹೇಳಿದೆ. ಅಜ್ಜನಿಗೆ ಬಹಳ ಇಷ್ಟವಾಯಿತು. ಮುಂದೆ ಕೇಳಿದರು, "ಹತ್ತರಿಯ ಮೈ ಯಾವ ಮರದ್ದು? ಅಲಗಿನ ಓರೆ ಎಷ್ಟು? ಉಕ್ಕು ಎಲ್ಲಿಂದ ತರುತ್ತಿದ್ದರು? ಯಾವ ಕಲ್ಲಿನಲ್ಲಿ ಮಸೆಯುತ್ತಿದ್ದರು?"

ಒಂದಕ್ಕೂ ನನಗೆ ಉತ್ತರ ಗೊತ್ತಿರಲಿಲ್ಲ. ಹತ್ತು ವರ್ಷ ಆ ಹತ್ತರಿಯ ಹಗ್ಗ ಎಳೆದವನು ನಾನು. ಬಿ.ಇ. ಓದಿದವನು. ಯಾವತ್ತೂ ಕೇಳಿರಲಿಲ್ಲ.

ರಾತ್ರಿ ಮನೆಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. "ಅಪ್ಪಾ, ನಿನ್ನ ದೊಡ್ಡ ಹತ್ತರಿ ಎಲ್ಲಿದೆ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನೆ ಕಟ್ಟಿಸುವಾಗ ನೀನೇ ಗುಜರಿಗೆ ಹಾಕಿಸಿದೆಯಲ್ಲೋ ಮಗಾ" ಅಂದ.

ಹೌದು. ಕೆಲಸ ಸಿಕ್ಕಿ ಮೂರನೆಯ ವರ್ಷ ಹಳೆಯ ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿಸಿದೆ. ಆಗ ಉಪಕರಣಗಳ ಪೆಟ್ಟಿಗೆಯನ್ನು ಗುಜರಿಯವನಿಗೆ ತೂಕಕ್ಕೆ ಕೊಟ್ಟವನು ನಾನೇ. ಉಳಿ, ಬಾಚಿ, ಬೈರಿಗೆ, ಗರಗಸ, ಹತ್ತರಿಯ ಅಲಗು ಎಲ್ಲ ಸೇರಿ 380 ರೂಪಾಯಿ ಬಂತು. ಅಪ್ಪ ಜಗಲಿಯ ಮೇಲೆ ಕೂತು ನೋಡುತ್ತಿದ್ದ, ಬೇಡ ಅನ್ನಲಿಲ್ಲ. ಅಷ್ಟರಲ್ಲಾಗಲೇ ಎತ್ತಿನ ಗಾಡಿ ಹೋಗಿ ಟ್ರ್ಯಾಕ್ಟರ್ ಬಂದಿತ್ತು, ನೇಗಿಲು ಕೇಳುವವರಿರಲಿಲ್ಲ, ಬಾಗಿಲುಗಳು ಪೇಟೆಯಿಂದ ಸಿದ್ಧವಾಗಿಯೇ ಬರುತ್ತಿದ್ದವು. ಅವನು ಬೆಂಗಳೂರಿನಲ್ಲಿ ಪ್ಲೈವುಡ್ಡಿಗೆ ಸ್ಕ್ರೂ ಹೊಡೆಯುವ ಕೆಲಸ ನಾಲ್ಕು ವರ್ಷ ಮಾಡಿ, ನನ್ನ ಫೀಸು ಕಟ್ಟಿ, ವಾಪಸ್ ಬಂದಿದ್ದ.

ಇನ್ನೊಂದು ವಿಷಯ ಇದೇ ಶಾಲೆಯಲ್ಲಿ ನಡೆದದ್ದು. ಎಂಟನೆಯ ತರಗತಿಗೆ ಸೇರಲು ಬಂದ ದಿನ ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಎಂದಿತ್ತು. ಗುಮಾಸ್ತರು ಕೇಳಿದಾಗ ನಾನು "ವ್ಯವಸಾಯ" ಎಂದೆ. ನಮಗಿದ್ದದ್ದು ಹನ್ನೆರಡು ಗುಂಟೆ. ಅಪ್ಪ ಹಿಂದೆಯೇ ನಿಂತಿದ್ದ. ಏನೂ ಹೇಳದೆ ಸಹಿ ಹಾಕಿದ. ನಾವು ನಿಂತಿದ್ದ ಆ ಕೋಣೆಯ ಬಾಗಿಲು ಅವನೇ ಮಾಡಿದ್ದು. ಈವತ್ತು ಬೆಳಿಗ್ಗೆ ಹೋಗಿ ನೋಡಿದೆ. ಮುಖ್ಯೋಪಾಧ್ಯಾಯರ ಕೋಣೆಗೆ ಈಗಲೂ ಅದೇ ಬಾಗಿಲು. ಮಳೆಗಾಲದಲ್ಲೂ ಬಿಗಿಯಾಗುವುದಿಲ್ಲ ಎಂದು ಸರ್ ಹೇಳಿದರು. ಚೌಕಟ್ಟಿನ ಮೂಲೆಯಲ್ಲಿ ಮೊಳೆ ಇಲ್ಲ. ಒಂದು ಮರದಲ್ಲಿ ತೂತು, ಇನ್ನೊಂದರಲ್ಲಿ ನಾಲಿಗೆ, ಮೇಲೊಂದು ಬಿದಿರಿನ ಗೂಟ.

ಆ ಫೋನಿನ ನಂತರ ಅಜ್ಜ ಕೇಳಿದ ಪ್ರಶ್ನೆಗಳನ್ನು ನಾನು ಅಪ್ಪನಿಗೆ ಕೇಳಿದೆ. ಅವನು ಹೇಳಿದ್ದನ್ನು ಬರೆದುಕೊಂಡೆ. ಮೈ ಹುಣಸೆಯ ಚೇಗಿನದ್ದು, ಎರಡು ವರ್ಷ ಅಟ್ಟದ ಮೇಲೆ ಒಣಗಿಸಿದ್ದು. ಅಲಗು ಲಾರಿಯ ಕಮಾನು ಪಟ್ಟಿಯಿಂದ ಕುಲುಮೆಯಲ್ಲಿ ಬಡಿಸಿದ್ದು. ಮೆತ್ತನೆ ಮರಕ್ಕೆ ಅಲಗು ಮಲಗಿರಬೇಕು, ಬೀಟೆ, ಜಾಲಿಯಂಥ ಗಟ್ಟಿ ಮರಕ್ಕೆ ಎದ್ದು ನಿಂತಿರಬೇಕು. ಮರ ಬೆಳೆದ ದಿಕ್ಕು ನೋಡಿ ಹತ್ತರಿ ಹಿಡಿಯಬೇಕು, ಎದುರು ಹೋದರೆ ಸಿಬರು ಏಳುತ್ತದೆ. ಒಂದು ಪ್ರಶ್ನೆಗೆ ಶುರುವಾದವನು ಒಂದು ಗಂಟೆ ಮಾತಾಡಿದ. ನನ್ನ ಜೊತೆ ಅಪ್ಪ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಕೊನೆಗೆ, "ಇದನ್ನೆಲ್ಲ ಈಗ ಯಾಕೆ ಕೇಳ್ತಿದ್ದೀಯ?" ಎಂದ. ನನಗೆ ಏನು ಹೇಳಬೇಕೆಂದು ತೋಚಲಿಲ್ಲ.

ಮಕ್ಕಳೆ, ನೀವೆಲ್ಲ ಬಡಗಿಗಳಾಗಿ ಎಂದು ನಾನು ಹೇಳುತ್ತಿಲ್ಲ. ಓದಿ, ಎಂಜಿನಿಯರಾಗಿ, ಡಾಕ್ಟರಾಗಿ. ನೀನು ಓದು ಎಂದು ನನಗೆ ಹೇಳಿದವನು ಅಪ್ಪನೇ. ಕಸುಬು ಜಾತಿಗೆ ಅಂಟಿಕೊಂಡು ಬಂದ ನಮ್ಮಲ್ಲಿ, ಅದರಿಂದ ಬಿಡಿಸಿಕೊಂಡು ಹೊರಟ ಮಕ್ಕಳದ್ದು ತಪ್ಪೂ ಅಲ್ಲ. ನಾನು ಮಾಡಿದ ತಪ್ಪು ಬಿಟ್ಟು ಹೋದದ್ದಲ್ಲ. ಕೇಳದೆ ಬಿಟ್ಟು ಹೋದದ್ದು. ಈ ವಿದ್ಯೆ ಯಾವ ಪುಸ್ತಕದಲ್ಲೂ ಇಲ್ಲ, ಇರುವುದು ಕೆಲವು ಹಿರಿಯರ ಕೈಯಲ್ಲಿ. ಅವರಾಗಿ ಬಂದು ಹೇಳುವುದಿಲ್ಲ. ಯಾರಾದರೂ ಕೇಳಬೇಕು.

ಅದಕ್ಕೆ ಸಮಿತಿಯವರ ಒಪ್ಪಿಗೆ ಪಡೆದು ಒಂದು ಸಣ್ಣ ಕೆಲಸ ಇಟ್ಟುಕೊಂಡಿದ್ದೇವೆ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಡ್ರಾಯಿಂಗ್ ಕೋಣೆಯ ಮುಂದಿನ ಹೊಂಗೆ ಮರದ ಕೆಳಗೆ, ಊರಿನ ಕುಲುಮೆಯ ಹಿರಿಯರು ಒಂದು ಉಳಿಯನ್ನು ಬಡಿದು ಹದ ಮಾಡಿ ತೋರಿಸುತ್ತಾರೆ. ಗಾಡಿಯ ಚಕ್ರ ಮಾಡುತ್ತಿದ್ದ ಹಿರಿಯರೊಬ್ಬರು ಅರೆಕಾಲು ಕೂರಿಸುವುದು ಹೇಗೆಂದು ತೋರಿಸುತ್ತಾರೆ. ಅಪ್ಪನ ಒಂದು ಚಿಕ್ಕ ಹತ್ತರಿ ಪಕ್ಕದೂರಿನ ಬಡಗಿಯೊಬ್ಬರ ಬಳಿ ಎರವಲು ಹೋಗಿತ್ತು. ಹಾಗಾಗಿ ಅದು ಗುಜರಿಗೆ ಹೋಗಲಿಲ್ಲ. ಅದನ್ನು ತಂದಿದ್ದೇವೆ. ಅಪ್ಪ ಅದನ್ನು ಹಿಡಿಯುತ್ತಾನೆ. ಮೈಕ್ರೋಮೀಟರ್ ನಾನು ತಂದಿದ್ದೇನೆ, ಆದರೆ ಬಹುಮಾನ ಇಲ್ಲ. ನೋಟ್‌ಬುಕ್ ತನ್ನಿ. ಉಪಕರಣದ ಹೆಸರು, ಮರದ ಹೆಸರು, ಅಳತೆ, ಯಾಕೆ ಹಾಗೆ ಎನ್ನುವುದನ್ನು ಕೇಳಿ ಬರೆದುಕೊಳ್ಳಿ. ಹುಡುಗಿಯರೂ ಬನ್ನಿ, ಎಲ್ಲ ಬೀದಿಯವರೂ ಬನ್ನಿ. ಹತ್ತರಿ ಎಲ್ಲರ ಕೈಗೂ ಕೊಡುತ್ತೇವೆ.

ವರ್ಷಕ್ಕೊಂದು ದಿನ ಇದನ್ನು ನಡೆಸಲು ಶಾಲೆ ಒಪ್ಪಿದರೆ, ಮರ, ಇದ್ದಿಲು, ಬಂದವರ ಊಟ, ಕೆಲಸ ತೋರಿಸುವವರ ಒಂದು ದಿನದ ಕೂಲಿ, ಈ ಖರ್ಚನ್ನು ನಮ್ಮ 2005ರ ತಂಡದವರು ನೋಡಿಕೊಳ್ಳುತ್ತೇವೆ. ಕೂಲಿ ಕೊಡುವುದು ಮುಖ್ಯ. ಸನ್ಮಾನದ ಶಾಲು ಹೊದಿಸಿ ಕಳಿಸಿದರೆ ಸಾಲದು.

ಕೊನೆಯದಾಗಿ ಮುಖ್ಯೋಪಾಧ್ಯಾಯರಲ್ಲಿ ಒಂದು ವಿನಂತಿ. ಹಳೆಯ ದಾಖಲಾತಿ ಪುಸ್ತಕವನ್ನು ತಿದ್ದುವುದಕ್ಕೆ ಆಗುವುದಿಲ್ಲ ಎಂದು ನನಗೆ ಗೊತ್ತು. ಆದ್ದರಿಂದ ಈ ಸ್ಮರಣ ಸಂಚಿಕೆಯಲ್ಲಿ ನನ್ನ ಹೆಸರಿನ ಕೆಳಗೆ, ತಂದೆಯ ಉದ್ಯೋಗ ಮರಗೆಲಸ ಎಂದು ಅಚ್ಚು ಹಾಕಿಸಿ.

ಅಪ್ಪ ಎರಡನೆಯ ಸಾಲಿನಲ್ಲಿ ಕೂತಿದ್ದಾನೆ. ನಾಳೆ ಬಂದು ಅವನನ್ನು ಪ್ರಶ್ನೆ ಕೇಳಿ.